ದೇವರ ಪುಟ್ಟ ಹೆಸರು

ಹನೂರು
12-6-1964

ಪ್ರೀತಿಯ ಅಪ್ಪಾಜಿಗೆ,

ನಾನು ಎಷ್ಟು ಸುಖವಾಗಿದ್ದೇನೆ ಗೊತ್ತಾ! ದೊಡ್ಡ ಮನೆ, ಧಾರಾಳ ಹಾಲು ಮೊಸರು, ಇವರಂತೂ ಬಹಳ ಮೃದು ಸ್ವಭಾವದವರು. ಆದ್ದರಿಂದ ತಂಗಿ ಮಂಗಳಳನ್ನು ಕಾನ್ವೆಂಟ್ ಬಿಡಿಸುವ ಯೋಚನೆಯನ್ನು ದಯವಿಟ್ಟು ಕೈಬಿಡಿ. ಮಾವನವರು ಹೇಳಿಕಳಿಸಿದಷ್ಟು ದೊಡ್ಡ ಸಂಗತಿಯೇನೂ ನಡೆದಿಲ್ಲ.

ಹೂ ಕಟ್ಟುತ್ತಾ ಶಾಲೆಯ ಹಾಡು ಗುನುಗುತ್ತಿದ್ದೆ. "ಹಲ್ಲೆಲೂಯಾ" ಅಂದರೇನೆಂದು ಅತ್ತೆ ಕೇಳಿದರು. ನಾನು ಸಂಭ್ರಮದಿಂದ ಪಾಠವನ್ನೇ ಮಾಡಿದೆ. ಕೊನೆಯ "ಯಾ" ಹೀಬ್ರೂ ಭಾಷೆಯಲ್ಲಿ ದೇವರ ಪುಟ್ಟ ಹೆಸರು, ಯೆಹೂದ್ಯರೂ ಕ್ರೈಸ್ತರೂ ಹಾಗೆಯೇ ಸ್ತುತಿಸುತ್ತಾರೆ, ನಾವು ಮಹದೇಶ್ವರನನ್ನು ಮಾದಪ್ಪ ಅನ್ನುವುದಿಲ್ಲವೇ ಎಂದೆ.

"ಕಾನ್ವೆಂಟ್‌ನೋರು ನಿನ್ನ ಕಿರಿಸ್ತಾನ ಮಾಡ್ಬುಟ್ಟವ್ರಾ? ಲಿಂಗ ಕಟ್ಕಂಡು ಆ ಎಸ್ರು ಏಳ್ತೀಯಲ್ಲ!" ಎಂದು ಅತ್ತೆ ಕೂಗಿದರು.

ಮದುವೆಯ ಹೊಸದರಲ್ಲಿ ಆ ಹಾಡನ್ನು ಮತ್ತೆ ಮತ್ತೆ ಹಾಡಿಸಿಕೊಂಡವರು ಇವರೇ. ಅತ್ತೆ ಇವರನ್ನೂ ಕೇಳಿದರು. "ನಂಗೇನ್ ಗೊತ್ತವ್ವ, ನಾ ಒಂದ್ಸಲನೂ ಕೇಳಿಲ್ಲ" ಎಂದು ಇವರು ಎದ್ದು ಗದ್ದೆಗೆ ಹೋದರು.

ಸೋಮವಾರ ಅಯ್ಯನವರು ನನಗೆ ಮತ್ತೊಮ್ಮೆ ಲಿಂಗದೀಕ್ಷೆ ಕೊಡುತ್ತಾರೆ. ಅಲ್ಲಿಯವರೆಗೆ ಅಡುಗೆಮನೆಗೆ ಕಾಲಿಡುವಂತಿಲ್ಲ. ಒಳ್ಳೆಯ ವಿಶ್ರಾಂತಿ! ನೀವೂ ಬರಬೇಕಂತೆ, ಹೊಸ ಸೀರೆ ತರಬೇಕಂತೆ. ಆ ಹೆಸರನ್ನು ಇನ್ನು ಉಚ್ಚರಿಸುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ.

ಮಂಗಳ ಓದಲಿ, ಬೇಕಾದ್ದನ್ನು ಹಾಡಲಿ. ಮುಂದೆ ಅವಳಿಗೆ ಗಂಡು ನೋಡುವಾಗ ಜಮೀನು ಎಷ್ಟಿದೆ ಎಂದು ಕೇಳಬೇಡಿ ಅಪ್ಪಾಜಿ. ತಾಯಿಯ ಎದುರು ನಿಜ ಹೇಳುತ್ತಾನೆಯೇ ಎಂದು ಕೇಳಿ.

ನಿಮ್ಮ ಮಗಳು,
ನೀಲಾ