ಅಂಕಿಗಳು ಸವೆದಿಲ್ಲ

ಭಾನುವಾರ, ಬೆಳಿಗ್ಗೆ

ಪ್ರೀತಿಯ ಅಮ್ಮ,

ಇವತ್ತು ಬೆಳಿಗ್ಗೆ ನೀನು ಬಳಸಿ ನನಗೆ ಕೊಟ್ಟ ಕಂಪ್ಯೂಟರಿನ ಕೀಲಿಮಣೆ ಒರೆಸುತ್ತಿದ್ದೆ. ಅಕ್ಷರದ ಕೀಲಿಗಳೆಲ್ಲ ಸವೆದು ನುಣುಪಾಗಿವೆ, ಕೆಲವುಗಳ ಮೇಲೆ ಗುರುತೇ ಇಲ್ಲ. ಅಂಕಿಗಳು ಮಾತ್ರ ಹೊಸದರಂತಿವೆ. ಲಾಂಡ್ರಿ ಅಂಗಡಿಯ ಲೆಕ್ಕ ಬರೆಯುತ್ತೇನೆ ಎಂದು ಇಷ್ಟು ವರ್ಷ ನಮಗೆಲ್ಲ ಹೇಳುತ್ತಿದ್ದೆಯಲ್ಲ!

ಮೊದಲಿಂದ ಹೇಳುತ್ತೇನೆ. ಕಂಪ್ಯೂಟರ್ ಆಮೆಯಾಗಿತ್ತು. ಹೋದ ತಿಂಗಳು ಮಾವ ಬಂದು ಆಪರೇಟಿಂಗ್ ಸಿಸ್ಟಮ್ ಹೊಸದಾಗಿ ಹಾಕಿಕೊಟ್ಟ. ಡಿಫ್ರಾಗ್ ಮಾಡಿದರೆ, ಎಂದರೆ ಡಿಸ್ಕಿನಲ್ಲಿ ಚೂರುಚೂರಾಗಿ ಚೆದುರಿದ ಫೈಲುಗಳನ್ನು ಒಟ್ಟಿಗೆ ಜೋಡಿಸಿದರೆ, ಇನ್ನೂ ಚುರುಕಾಗುತ್ತದಂತೆ. ಈಗಲೇ ಮಾಡಲಾ ಎಂದೆ. ಏನೇ ಸಾಹಿತಿ, ಸಾಮಾನು ಬರೋಕೆ ಮೊದಲೇ ಯಾರಾದ್ರೂ ಕಪಾಟು ಜೋಡಿಸ್ತಾರಾ ಎಂದು ನಕ್ಕ. ಬೇಕಾದ ಪ್ರೋಗ್ರಾಮುಗಳೆಲ್ಲ ಬರಲಿ, ಕೊನೆಗೆ ಜೋಡಿಸು ಎಂದ. ಅಳಿಸಿದ ಫೈಲು ತಕ್ಷಣ ಸಾಯುವುದಿಲ್ಲ, ಅದರ ಜಾಗದಲ್ಲಿ ಬೇರೆಯದು ಬಂದು ಕೂರುವವರೆಗೆ ಇರುತ್ತದೆ. ಡಿಫ್ರಾಗ್ ಆದಮೇಲೆ ಬಾಯಿ ಬಡಿದುಕೊಂಡರೂ ಸಿಗುವುದು ಕಷ್ಟ ಎಂದೂ ಹೇಳಿದ.

ಆ ಗಲಾಟೆಯಲ್ಲಿ ನನ್ನ ಕೆಲವು ಫೋಟೋ ಕಾಣೆಯಾಗಿದ್ದವು. ಅಳಿಸಿಹೋದದ್ದನ್ನು ಹೊರತೆಗೆಯಲು ಮಾವ ಕೊಟ್ಟ ಪ್ರೋಗ್ರಾಮಿನಲ್ಲಿ ಹುಡುಕಿದೆ. ಫೋಟೋಗಳ ಜೊತೆ ನೀನು ಬರೆದಿದ್ದ ಒಂದು ಕಥೆಯೂ ಎದ್ದು ಬಂತು. ಗಿರಾಕಿಗಳ ಜೇಬಿನಲ್ಲಿ ಉಳಿದ ವಸ್ತುಗಳನ್ನು ಹಿಂತಿರುಗಿಸಲು ಮನೆಮನೆ ಅಲೆಯುವ ಲಾಂಡ್ರಿ ಹೆಂಗಸಿನ ಕಥೆ. ಓದಿ ಮುಗಿಸುವಷ್ಟರಲ್ಲಿ ಚಹಾ ಆರಿ ಕೆನೆಗಟ್ಟಿತ್ತು.

ಕಂಪ್ಯೂಟರ್ ನನಗೆ ಕೊಡುವ ಮುಂಚೆ ನೀನು ಅದನ್ನೇಕೆ ಅಳಿಸಿದೆ ಎಂದು ಬಲ್ಲೆ. ಒಮ್ಮೆ ನೀನು ಸಂಕೋಚದಿಂದ ಒಂದು ಪುಟ ತೋರಿಸಿದಾಗ, ನಾನು ಕೆಂಪು ಪೆನ್ನಿನಲ್ಲಿ ತಪ್ಪು ತಿದ್ದಿ ವಾಪಸ್ ಕೊಟ್ಟಿದ್ದೆ. ಹೇಗಿದೆ ಎಂದು ಒಂದು ಮಾತೂ ಆಡಲಿಲ್ಲ.

ಮುಂದಿನದಕ್ಕೆ ಕೈಯೇ ಓಡುತ್ತಿಲ್ಲ. ಆ ಕಥೆಗೆ ನನ್ನ ಹೆಸರು ಹಾಕಿ ಮಾಸಪತ್ರಿಕೆಗೆ ಕಳಿಸಿದೆ. ಒಪ್ಪಿಕೊಂಡರು. ಫೋನಿನಲ್ಲಿ ಹೇಳಿದಾಗ, ಯಾವ ಕಥೆ ಎಂದೂ ಕೇಳದೆ ನೀನು ಅತ್ತುಬಿಟ್ಟೆ. ಬಟ್ಟೆ ಕೊಡಲು ಬಂದವರಿಗೆಲ್ಲ ನನ್ನ ಮಗಳು ಕಥೆಗಾರ್ತಿ ಎನ್ನುತ್ತಿದ್ದೀಯಂತೆ.

ನಿನ್ನೆ ಪ್ರೋಗ್ರಾಮುಗಳೆಲ್ಲ ಬಂದು ಮುಗಿದವು. ಇನ್ನು ಜೋಡಿಸು ಎಂದ ಮಾವ. ಕೂತೆ. ಒತ್ತಿದರೆ ನಿನ್ನದರ ಕುರುಹು ಹೋಗಿ ನನ್ನ ಹೆಸರಿನ ಪ್ರತಿ ಮಾತ್ರ ಉಳಿಯುತ್ತದೆ. ಚುರುಕಾಗಲಿ ಎಂದಲ್ಲ ಅಮ್ಮ, ಅದಕ್ಕಾಗಿಯೇ ಒತ್ತಲು ಹೊರಟಿದ್ದೆ. ಧೈರ್ಯ ಸಾಲದೆ ಎದ್ದೆ, ಅಷ್ಟೆ, ಒಳ್ಳೆಯತನದಿಂದಲ್ಲ. ಬೆಳಿಗ್ಗೆ ನೋಡಿದರೆ ಈ ಸವೆದ ಕೀಲಿಗಳು. ಇವನ್ನು ಯಾವ ಗುಂಡಿ ಒತ್ತಿ ಅಳಿಸಲಿ?

ನೀನು ಅಳಿಸಿದ ಇನ್ನೂ ಕೆಲವು ಫೈಲುಗಳು ಅರ್ಧಂಬರ್ಧ ಕಾಣುತ್ತಿವೆ. ತೆರೆದಿಲ್ಲ. ಉಳಿಯಬೇಕೋ ಹೋಗಬೇಕೋ ನೀನೇ ಹೇಳು. ಅಲ್ಲಿಯವರೆಗೆ ಡಿಫ್ರಾಗ್ ಇಲ್ಲ. ಆಮೆ ಆಮೆಯಾಗಿಯೇ ಇರಲಿ. ಅವುಗಳ ಮೇಲೆ ಹೊಸದೇನೂ ಬೀಳದಿರಲಿ ಎಂದೇ ಈ ಪತ್ರವನ್ನು ಕೈಯಲ್ಲಿ ಬರೆಯುತ್ತಿದ್ದೇನೆ.

ಮುಖ ತೋರಿಸಲು ನಾಚುತ್ತಿರುವ
ನಿನ್ನ ಗುಬ್ಬಿ

ಮರೆತ ಮಾತು: ಕಥೆ ನನ್ನದಲ್ಲ, ನನ್ನ ತಾಯಿಯದು, ಅವರನ್ನು ಕೇಳದೆ ಅಚ್ಚು ಹಾಕಬೇಡಿ ಎಂದು ಸಂಪಾದಕರಿಗೆ ಬರೆದ ಪತ್ರವನ್ನು ಆಗಲೇ ಅಂಚೆ ಡಬ್ಬಿಗೆ ಹಾಕಿ ಬಂದಿದ್ದೇನೆ. ನಿನ್ನನ್ನು ಕೇಳಿದ್ದರೆ, ಇರಲಿ ಬಿಡೇ, ನಿನ್ನ ಹೆಸರೇ ಇರಲಿ ಎನ್ನುತ್ತಿದ್ದೆ. ಅದಕ್ಕೇ ಇದಕ್ಕಿಂತ ಮೊದಲು ಅದನ್ನು ಹಾಕಿದ್ದು.