ಸವೆದ ಚಪ್ಪಲಿ

ಅಕ್ಕಾ,

ಚೆನ್ನಾಗಿದ್ದೇನೆ, ಕಾಲೇಜು ಬಿಟ್ಟು ಓಡಿಹೋಗಿಲ್ಲ. ದಿನಾ ಸಂಜೆ ಕೂತು ಓದುತ್ತೇನೆ ಎಂದು ನಿನಗೆ ಕೊಟ್ಟ ಮಾತನ್ನು ಮಾತ್ರ ಉಳಿಸಿಕೊಂಡಿಲ್ಲ. ಇಲ್ಲಿನ ಲೈಬ್ರರಿಯಲ್ಲಿ ಎಲ್ಲರೂ ಒಂದೇ ಉದ್ದನೆಯ ಬೆಂಚಿನ ಮೇಲೆ ಕಲ್ಲಿನ ಹಾಗೆ ಕೂರುತ್ತಾರೆ. ನಾನು ಕಾಲು ಕುಣಿಸಿದರೆ ಇಡೀ ಸಾಲು ಅಲ್ಲಾಡುತ್ತದೆ. “ಕಾಲಲ್ಲಿ ಹೊಲಿಗೆ ಮಿಷನ್ ಇಟ್ಕೊಂಡಿದ್ದೀಯೇನೋ?” ಎಂದು ಪಕ್ಕದವನು ರೇಗಿದ. ಲೈಬ್ರರಿ ಮೇಡಂ ಬಂದು, “ಕೂರೋಕಾಗಲ್ಲ ಅಂದ್ರೆ ಹೊರಗೆ ನಡ್ಕೊಂಡೇ ಓದಪ್ಪಾ, ಯಾರು ಬೇಡ ಅಂದ್ರು?” ಎಂದರು.

ಈಗ ಕಾರಿಡಾರಿನ ಆ ತುದಿಗೆ ಹೋಗುವಾಗ ಒಂದು ಪುಟ ಓದುತ್ತೇನೆ. ಈ ತುದಿಗೆ ಬರುವಾಗ ಪುಸ್ತಕ ಮುಚ್ಚಿ ಅದನ್ನೇ ಬಾಯಿಬಿಟ್ಟು ಹೇಳುತ್ತೇನೆ. ತಡವರಿಸಿದರೆ ಮತ್ತೆ ಅದೇ ಪುಟ. ಮೊದಲ ಪರೀಕ್ಷೆಯಲ್ಲಿ ಉಳಿದೆಲ್ಲ ಪಾಸು, ಲೆಕ್ಕದಲ್ಲಿ ಮಾತ್ರ ಫೇಲು. ಲೆಕ್ಕವನ್ನು ನಡೆಯುತ್ತಾ ಮಾಡಲು ಬರುವುದಿಲ್ಲ, ಅದಕ್ಕಾಗಿ ಕೂರುವುದನ್ನು ಕಲಿಯುತ್ತಿದ್ದೇನೆ.

“ಸ್ಕೂಲಿಗೆ ಚಕ್ಕರ್ ಹೊಡೆದು ಊರು ಸುತ್ತಿದವನು ಕಾಲೇಜೂ ಬಿಡ್ತಾನೆ, ತಿಂಗಳು ತಡಿ” ಎಂದು ಅಪ್ಪ ಅಂದಾಗ ನನ್ನ ಪರ ನಿಂತವಳು ನೀನೊಬ್ಬಳೇ. ತಿಂಗಳು ಕಳೆಯಿತು. ಚಪ್ಪಲಿ ಸವೆದು ಹಿಮ್ಮಡಿ ನೆಲಕ್ಕೆ ತಾಗುತ್ತಿದೆ, ಹೊಸದಕ್ಕೆ ದುಡ್ಡು ಬೇಕು. ಈ ಪೋಸ್ಟ್ ಕಾರ್ಡನ್ನು ಹೇಗೂ ನಿನಗಿಂತ ಮೊದಲು ಅಪ್ಪನೇ ಓದುತ್ತಾರೆ. ಅಪ್ಪಾ, ಈ ಸಲ ಇದು ಊರು ಸುತ್ತಿ ಸವೆದದ್ದಲ್ಲ.

ಜಾಗ ಮುಗಿಯಿತು.
ನಿನ್ನ ತಮ್ಮ