ಅಜ್ಜಿಯ ಚಪ್ಪಾಳೆ

ಹೊಲಿಗೆ ಅಂಗಡಿಯಿಂದ,
ಮೇ ೧೩, ಸೋಮವಾರ

ಪ್ರೀತಿಯ ಮೊಮ್ಮಗಳೇ,

ನಿನ್ನ ಮೊಣಕಾಲು ಹೇಗಿದೆ? ಊತ ಇಳಿದಿದೆ ಎಂದು ನಿನ್ನ ಸೋದರತ್ತೆ ಫೋನಿನಲ್ಲಿ ಹೇಳಿದಳು. ನನ್ನ ಮಗಳೇ ಆದರೂ ಇಂಥ ವಿಷಯದಲ್ಲಿ ಅವಳನ್ನು ನಂಬುವಂತಿಲ್ಲ. ಚಿಕ್ಕಂದಿನಲ್ಲಿ ಜ್ವರದಿಂದ ಮೈ ಸುಡುತ್ತಿದ್ದರೂ ‘ಏನಿಲ್ಲಮ್ಮ’ ಎನ್ನುತ್ತಿದ್ದವಳು. ಬಿಸಿನೀರಿನ ಶಾಖ ಬಿಡಬೇಡ. ಫೋನಿಗೆ ನಿನ್ನನ್ನು ಕರೆದಾಗಲೆಲ್ಲ ಸ್ನಾನಕ್ಕೆ ಹೋಗಿದ್ದಾಳೆ ಎನ್ನುತ್ತಾರೆ. ಇಷ್ಟು ಸ್ನಾನ ಮಾಡಿದರೆ ಮೀನಾಗಿಬಿಡುತ್ತೀಯೆ. ಅದಕ್ಕೇ ಈ ಕಾಗದ. ಇದಕ್ಕೆ ಸ್ನಾನದ ನೆಪ ಹೇಳಲಾಗದು. ನಾನು ಗಟ್ಟಿಯಾಗಿದ್ದೇನೆ. ಸೂಜಿಗೆ ದಾರ ಪೋಣಿಸಲು ಇನ್ನೂ ಯಾರನ್ನೂ ಕರೆದಿಲ್ಲ.

ನಿನ್ನೆ ನಿಮ್ಮ ಫುಟ್‌ಬಾಲ್ ತಂಡದ ಅಭಿಮಾನಿಗಳೆಲ್ಲ ನಮ್ಮ ಅಂಗಡಿಯಲ್ಲೇ ಸಭೆ ಸೇರಿದ್ದರು. ಕ್ಲಬ್ಬಿನ ಕೋಣೆಯ ಸೂರು ಸೋರುತ್ತದೆ, ನಮ್ಮಲ್ಲಾದರೆ ಉದ್ದದ ಬೆಂಚಿದೆ, ಮೇಲಾಗಿ ನಿಮ್ಮ ಅಂಗಿಗಳಿಗೆಲ್ಲ ನಂಬರು ಹೊಲಿಯುವವಳು ನಾನು. ಕೊನೆಯ ಸ್ಥಾನಕ್ಕೆ ಬಿದ್ದ ತಂಡವನ್ನು ಈ ಬಿಡುವಿನಲ್ಲಿ ಎತ್ತಿ ನಿಲ್ಲಿಸಲು ಏನೇನು ಬೇಕೆಂದು ಬರೆದು ಕ್ಲಬ್ಬಿನ ಅಧ್ಯಕ್ಷರಿಗೆ ಕೊಡುವುದು ಅವರ ಉದ್ದೇಶ. ಒಬ್ಬರಿಗೆ ಚಿರತೆಯಂತೆ ಓಡುವ ಹುಡುಗಿ ಮುಂದಿರಬೇಕು. ಇನ್ನೊಬ್ಬರಿಗೆ ಮೈದಾನದ ಗುಂಡಿ ಮುಚ್ಚಬೇಕು, ಗೋಲಿನ ಬಲೆಗೆ ತೇಪೆ ಬೀಳಬೇಕು (ಎಲ್ಲರೂ ನನ್ನತ್ತ ನೋಡಿದರು, ನಾನು ನೋಡಲಿಲ್ಲ). ಕ್ಷೌರದಂಗಡಿಯವನು ಕೋಚನ್ನೇ ಬದಲಿಸಿ ಎಂದ. ಕೋಚ್ ಅವನಿಗೆ ತಲೆ ಕೊಡುವುದನ್ನು ಬಿಟ್ಟು ಬೇರೆ ಅಂಗಡಿ ಹಿಡಿದದ್ದು ಊರಿಗೆಲ್ಲ ಗೊತ್ತು.

ಅಷ್ಟಕ್ಕೇ ನಿಲ್ಲಿಸಿದ್ದರೆ ಅವನ ಮಾನ ಉಳಿಯುತ್ತಿತ್ತು. ‘ಮೊದ್ಲು ಹಿಂದೆ ನಿಂತಿರೋ ಆ ಗೂಟ ಕೀಳ್ಬೇಕು. ಕೊನೇ ಆಟದಲ್ಲಿ ನಮ್ಮ ಬಲೆಗೆ ನಾವೇ ಹೊಡ್ಕೊಂಡ್ವಲ್ಲ!’ ಎಂದುಬಿಟ್ಟ. ನಿನಗೆ ಗೂಟ ಎಂದು ಹೆಸರಿಟ್ಟವರ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. ನಿನ್ನೆ ಮಾತ್ರ ಅದೇ ಹೆಸರು ಕೆಲಸಕ್ಕೆ ಬಂತು. ಕತ್ತರಿ ಕೆಳಗಿಟ್ಟು, ‘ಕೀಳಪ್ಪಾ, ಕೀಳು. ಗೂಟ ಕಿತ್ತ ಮೇಲೆ ಹಸು ಎಲ್ಲಿ ನಿಲ್ಲುತ್ತೆ ಅಂತ ನೀನೇ ನೋಡ್ಕೋ. ವರ್ಷವೆಲ್ಲ ಎದುರಿನವರ ಒದೆ ತಡೆದಿದ್ದು ಅವಳ ಮೊಣಕಾಲು. ನೀನೇನು ತಡೆದೆ, ಗಿರಾಕಿ ಗಡ್ಡಾನಾ?’ ಎಂದೆ. ಇಡೀ ಬೆಂಚು ನಕ್ಕಿತು.

ಆಗ ಬಸ್ ಕಂಡಕ್ಟರ್ ಎದ್ದ. ‘ಅವತ್ತು ಆ ಗೋಲು ಬಿದ್ದು ನಾವೆಲ್ಲ ತಲೆ ಮೇಲೆ ಕೈ ಹೊತ್ಕೊಂಡು ಕೂತಿದ್ದಾಗ ಎದ್ದು ನಿಂತು ಚಪ್ಪಾಳೆ ತಟ್ಟಿದ್ದು ಅಜ್ಜಿ ಒಬ್ರೇ. ಎಡವಿದ ಮಗೂನ ಎತ್ತೋದು ಅಂದ್ರೆ ಅದು. ಇದನ್ನೂ ಬರ್ಕೊಳ್ಳಿ’ ಎಂದ. ಬರೆದುಕೊಂಡರು: ನಮ್ಮವರು ಎಡವಿದಾಗ ಬೈಗುಳಕ್ಕಿಂತ ಮೊದಲು ಚಪ್ಪಾಳೆ ಕೇಳಿಸಬೇಕು. ಕ್ಷೌರದಂಗಡಿಯವನೂ ಕೈ ಎತ್ತಿದ. ಗೂಟ ಕೀಳುವ ಮಾತು ಅಲ್ಲಿಗೇ ಬಿತ್ತು. ನಾನು ಗಂಭೀರವಾಗಿ ತಲೆಯಾಡಿಸಿದೆ. ಬಂದ ಹೊಗಳಿಕೆಯನ್ನು ಹಿಂದಿರುಗಿಸುವ ಅಭ್ಯಾಸ ನನಗಿಲ್ಲ.

ನೀನು ಮಾತ್ರ ಅದೇ ಚಪ್ಪಾಳೆ ಕಂಡು ಮುಖ ತಿರುಗಿಸಿದೆ. ‘ನೀನೂ ಅಣಕಿಸ್ತೀಯಾ ಅಜ್ಜಿ?’ ಎಂದಷ್ಟೇ ಹೇಳಿ, ಚೀಲ ಹಿಡಿದು ಅತ್ತೆಯ ಊರಿನ ಬಸ್ಸು ಹತ್ತಿದೆ. ಇನ್ನು ಚೆಂಡು ಮುಟ್ಟುವುದಿಲ್ಲ ಎಂದು ನಿಮ್ಮಪ್ಪನಿಗೆ ಹೇಳಿದ್ದೀಯಂತೆ. ಜೂನ್ ಒಂದಕ್ಕೆ ಅಭ್ಯಾಸ ಶುರು. ನಾಲ್ಕನೇ ನಂಬರಿನ ಅಂಗಿ ಯಾರ ಅಳತೆಗೆ ಎಂದು ಕೋಚ್ ಕೇಳಿ ಕಳಿಸಿದ್ದಾನೆ. ಕೇಳುವುದೇನು ಬಂತು, ನಾನು ಹೊಲಿದಾಯಿತು. ಭುಜ ನಿನ್ನದು, ಉದ್ದ ನಿನ್ನದು. ಬೇರೆಯವರು ತೊಟ್ಟರೆ ಗೋಣಿಚೀಲದಂತೆ ಕಾಣಲಿ ಎಂದೇ ಹಾಗೆ ಹೊಲಿದಿದ್ದೇನೆ. ನಮ್ಮ ಮನೆತನದಲ್ಲಿ ಬಿದ್ದವರಿದ್ದಾರೆ ಕಣೆ, ಬಿದ್ದಲ್ಲೇ ಚಾಪೆ ಹಾಸಿಕೊಂಡವರಿಲ್ಲ.

ಅತ್ತೆಗೂ ಮಾವನಿಗೂ ನನ್ನ ಆಶೀರ್ವಾದ ತಿಳಿಸು. ಬೆನ್ನು ನೆಟ್ಟಗಿರಲಿ, ಹೊಟ್ಟೆ ತುಂಬಿರಲಿ ಎಂದು ನಿನ್ನನ್ನು ಹರಸುವ,

ನಿನ್ನ ಅಜ್ಜಿ

ವಿ.ಸೂ.: ಅಂಚೆಯವನು ಡಬ್ಬಿ ತೆರೆಯುವ ಹೊತ್ತಾಯಿತು, ಬೇಗ ಹೇಳಿಬಿಡುತ್ತೇನೆ. ನಾನು ಅಣಕಿಸಲಿಲ್ಲ. ಅಂಗಡಿ ಮುಚ್ಚಿ ಆಟ ನೋಡಲು ಬಂದದ್ದು ಅದೇ ಮೊದಲು. ಮೈಕಿನಲ್ಲಿ ನಿನ್ನ ನಂಬರು ಕೂಗಿ ‘ಓನ್ ಗೋಲ್’ ಎಂದರು. ಓನ್ ಎಂದರೆ ಸ್ವಂತ ಎಂದು ಹೈಸ್ಕೂಲಿನಲ್ಲೇ ಕಲಿತವಳು ನಾನು. ಸ್ವಂತ ಮನೆ, ಸ್ವಂತ ಅಂಗಡಿ ಇದ್ದ ಹಾಗೆ ಸ್ವಂತ ಗೋಲು, ಯಾರ ಹಂಗೂ ಇಲ್ಲದೆ ನೀನೊಬ್ಬಳೇ ಹೊಡೆದದ್ದು ಎಂದುಕೊಂಡೆ. ನಮ್ಮದೇ ಬಲೆಗೆ ಹೊಡೆದದ್ದು ಎಂಬ ಅದರ ಅರ್ಥ ತಿಳಿದದ್ದು ನಿನ್ನೆಯ ಸಭೆಯಲ್ಲಿ. ಕಂಡಕ್ಟರನಿಗೆ ಇದನ್ನು ಹೇಳೀಯೆ, ಜೋಕೆ! ಈಗ ಗೊತ್ತಾಗಿದೆ. ನೀನು ಬಾ, ಗೊತ್ತಿದ್ದೂ ತಟ್ಟುತ್ತೇನೆ.